ಅಜ್ಜಾರಿಗೆ ನಿದ್ದೆ ಬರಲಿಲ್ಲ

ಮಲಪ್ರಭೆಯ ದಂಡೆಯ ಮೇಲೆ ಒಂದು ಸಣ್ಣ ಮಠ. ಅಲ್ಲಿಯ ಸ್ವಾಮಿಗಳನ್ನು ಸುತ್ತಲಿನವರು ಅಜ್ಜಾರು ಎಂದೇ ಕರೆಯುತ್ತಿದ್ದರು.

ಅಜ್ಜಾರ ಹೊಟ್ಟೆಯಲ್ಲಿ ಗಡ್ಡೆ ಕಂಡಿತು. ಕ್ಯಾನ್ಸರ್ ಎಂದರು ಡಾಕ್ಟರು. ಆಪರೇಷನ್ನಿಗೆ ದಿನ ಗೊತ್ತಾಯಿತು. ಅಂದಿನಿಂದ ಅಜ್ಜಾರ ನಿದ್ದೆ ಹಾರಿಹೋಯಿತು.

ಶಿಷ್ಯ ಮಡಿವಾಳಯ್ಯ ಪಕ್ಕದ ಕೋಣೆಯಲ್ಲಿರುತ್ತಿದ್ದ. ಗುರು ಮಗ್ಗುಲು ಬದಲಿಸುವುದು, ಎದ್ದು ಕೂರುವುದು, ನಿಟ್ಟುಸಿರು, ಎಲ್ಲವೂ ಅವನಿಗೆ ಕೇಳಿಸುತ್ತಿತ್ತು.

“ಅಜ್ಜಾರ ಕಣ್ಣು ಯಾಕ ಕೆಂಪಾಗ್ಯಾವ?” ಎಂದು ಭಕ್ತರು ಕೇಳಿದರು.

“ರಾತ್ರಿಯೆಲ್ಲಾ ಧ್ಯಾನಕ್ಕ ಕೂಡತಾರ,” ಎಂದ ಮಡಿವಾಳಯ್ಯ, ಎದೆಯುಬ್ಬಿಸಿ.

ಆ ಮಾತು ಊರೂರು ಮುಟ್ಟಿತು.

ಆಪರೇಷನ್ ಆಯಿತು. ಅಜ್ಜಾರು ಮಠಕ್ಕೆ ಮರಳಿದರು. ಗಾಯದ ನೋವು ಒಂದು ಕಡೆ, ಗಡ್ಡೆ ಮತ್ತೆ ಬಂದರೆ ಎಂಬ ಅಂಜಿಕೆ ಇನ್ನೊಂದು ಕಡೆ. ನಿದ್ದೆ ಮರಳಲಿಲ್ಲ. ಡಾಕ್ಟರು ಕೊಟ್ಟ ನಿದ್ದೆಗುಳಿಗೆಯನ್ನು ಶಿಷ್ಯ ಬಾಗಿಲು ಹಾಕಿಕೊಂಡು ಕೊಡುತ್ತಿದ್ದ.

ಒಂದು ಮಧ್ಯಾಹ್ನ, ರೊಟ್ಟಿ ಬಡಿದು ಮಾರುವ ನೀಲವ್ವ ಬಂದಳು. ಪಡಸಾಲೆಯ ತುಂಬ ಜನ ಕೂತಿದ್ದರು.

“ಅಜ್ಜಾರ, ನನ್ನ ಎದಿಯಾಗೂ ಗಡ್ಡಿ ಐತ್ರಿ. ಬರೂ ವಾರ ಕೊಯ್ಯತಾರಂತ. ನಾ ಹೋಗಂಗಿಲ್ಲ.”

“ಯಾಕವ್ವ?”

“ಕಣ್ಣಿಗೆ ಕಣ್ಣು ಹತ್ತವಲ್ದು. ನೀವು ಧ್ಯಾನಕ್ಕ ಕೂತ ಗಟ್ಟಿಯಾದ್ರಿ. ನಾ ಬರೇ ಹೆದರಿಕೊಂಡ ಕೂತೇನಿ. ಇಂಥಾಕಿ ಆ ಟೇಬಲ್ ಮ್ಯಾಲಿಂದ ಎದ್ದು ಬರತಾಳೇನ್ರಿ?”

ಅಜ್ಜಾರು ಶಿಷ್ಯನ ಕಡೆ ಒಮ್ಮೆ ನೋಡಿದರು. ಅವನು ತಲೆ ತಗ್ಗಿಸಿದ.

“ನಾ ಧ್ಯಾನಕ್ಕ ಕೂತಿರಲಿಲ್ಲವ್ವ,” ಎಂದರು ಅಜ್ಜಾರು, ಎಲ್ಲರಿಗೂ ಕೇಳುವ ಹಾಗೆ. “ನಿನ್ನಂಗ ಹೆದರಿಕೊಂಡ ಕೂತಿದ್ದೆ. ಈಗಲೂ ಗುಳಿಗಿ ತಗೊಂಡ ಮಲಗತೇನಿ.”

ನೀಲವ್ವ ಮುಂದಕ್ಕೆ ಸರಿದು ಕೂತಳು.

“ನೀವೂ ಹೆದರಿದ್ರೇನ್ರಿ?”

“ಕಾಲು ನಡುಗತಿದ್ವು. ಆ ನಡುಗೂ ಕಾಲಿಲೇ ದವಾಖಾನಿ ಮೆಟ್ಟಲ ಹತ್ತಿದೆ. ನಿದ್ದಿ ಇಲ್ಲಂತ ಡಾಕ್ಟರಿಗೆ ಹೇಳು, ಮುಚ್ಚಿಡಬ್ಯಾಡ. ಅದಕ್ಕೂ ಔಷಧ ಐತಿ.”

ನೀಲವ್ವ ಕಣ್ಣೊರೆಸಿಕೊಂಡು ಎದ್ದಳು.

ಜನ ಹೋದ ಮೇಲೆ ಮಡಿವಾಳಯ್ಯ ಬಂದು ನಿಂತ.

“ಯಾಕ ಸುಳ್ಳು ಹೇಳಿದಿ?” ಎಂದು ಗುರು ಕೇಳಿದರು.

“ನಿಮ್ಮ ಮ್ಯಾಲಿನ ಅಭಿಮಾನಕ್ಕ, ಅಜ್ಜಾರ.”

“ನಾ ಅಂಜಿದ್ದಕ್ಕ ನಿನಗ ನಾಚಿಕಿ ಆತು. ಅಂಜಿಕೊಂಡೂ ಹೋಗಿ ಬಂದೆನಲ್ಲ, ಅದು ನಿನ್ನ ಕಣ್ಣಿಗೆ ಬೀಳಲಿಲ್ಲ.”



ಮಾವಿನ ಮರ ಹೂ ಬಿಡುವ ಹೊತ್ತಿಗೆ ನೀಲವ್ವ ಮತ್ತೆ ಬಂದಳು. ಬಡವಾಗಿದ್ದಳು. ಸೆರಗನ್ನು ಎದೆಯ ಮೇಲೆ ಬಿಗಿಯಾಗಿ ಹೊದ್ದಿದ್ದಳು. ನಡಿಗೆ ನಿಧಾನ, ತಲೆ ಮಾತ್ರ ಎತ್ತರ.

“ಹೋಗಿ ಬಂದೆ, ಅಜ್ಜಾರ.”

“ನಿದ್ದಿ?”

“ಡಾಕ್ಟರಿಗೆ ಹೇಳೇನಿ. ಒಂದಿಷ್ಟು ಜೊಂಪು ಹತ್ತತೈತಿ, ಮತ್ತ ಎಚ್ಚರಾಗತೈತಿ. ಪೂರಾ ಇನ್ನೂ ಬಂದಿಲ್ಲ. ಆದ್ರ ಹೆದರಿದ್ದಕ್ಕ ಈಗ ನನಗ ನಾಚಿಕಿ ಇಲ್ಲ.”

ಅಜ್ಜಾರ ಮುಖ ಅರಳಿತು. ನೀಲವ್ವ ಅವರ ಪಾದ ಮುಟ್ಟಲು ಬಗ್ಗಿದಳು. ಅವರು ಕೈ ಅಡ್ಡ ಹಿಡಿದರು.

“ಬಾಗಬ್ಯಾಡವ್ವ, ನಿನ್ನ ಗಾಯ ಇನ್ನೂ ಹಸಿ ಐತಿ. ನಾನೇ ನಿನಗ ಬಾಗತಿದ್ದೆ, ನಂದೂ ಇನ್ನೂ ಜಗ್ಗತೈತಿ. ಮಡಿವಾಳಯ್ಯ, ನನ್ನ ಪರವಾಗಿ ನೀ ಬಾಗು.”