ಒಂದು ಕಾಳೂ ಬೆಳೆಯದವನು

"ಒಂದು ಪ್ರೋಟೀನನ್ನೂ ಮಾಡದ ಆರ್‌ಎನ್‌ಎಯನ್ನು ನಾವೇಕೆ ನೋಡಬೇಕು ಮೇಡಂ?" ಎಂದು ಹೊನ್ನೇಶ ಕೇಳಿದ.

ಕೇಳಿದ್ದು ಪುಟ್ಟಗೌರಮ್ಮನವರನ್ನು. ಕ್ಯಾನ್ಸರ್ ಸಂಶೋಧನೆಯಲ್ಲಿ ಮೂವತ್ತು ವರ್ಷ ಕಳೆದವರು, ಅವನ ಗುರುಗಳು. ಅವನ ಕೈಯಲ್ಲಿ ಒಂದು ವರದಿಯಿತ್ತು. ಹನ್ನೆರಡು ರೋಗಿಗಳ ಲಿವರಿನ ಗಡ್ಡೆಗಳನ್ನು ಅವನು ಪರೀಕ್ಷಿಸಿದ್ದ. ಪ್ರೋಟೀನು ಮಾಡಿಸುವ ಜೀನುಗಳನ್ನೆಲ್ಲ ಜಾಲಾಡಿದ್ದ; ಎಲ್ಲವೂ ನೆಟ್ಟಗಿದ್ದವು. ಉಳಿದವು ಉದ್ದುದ್ದನೆಯ ಆರ್‌ಎನ್‌ಎ ಎಳೆಗಳು. ಜೀವಕೋಶದಲ್ಲಿ ಹುಟ್ಟುತ್ತವೆ, ಓಡಾಡುತ್ತವೆ, ಏನನ್ನೂ ಮಾಡಿಕೊಡುವುದಿಲ್ಲ. ಅವನ್ನು ಪಟ್ಟಿಯಿಂದ ಹೊಡೆದುಹಾಕಿ, ಕೊನೆಯಲ್ಲಿ 'ದೋಷವಿಲ್ಲ' ಎಂದು ಬರೆದು ತಂದಿದ್ದ. ಗುರುಗಳ ಸಹಿ ಬಿದ್ದರೆ ಆ ಹನ್ನೆರಡು ಗಡ್ಡೆಗಳ ಹುಡುಕಾಟ ಅಲ್ಲಿಗೆ ಮುಗಿದಂತೆ.

"ನಾನು ಹಳ್ಳಿಯವನು ಮೇಡಂ. ಕೊಟ್ಟಿಗೆಗೆ ಕಾಲಿಟ್ಟರೆ ಸಾಕು, ಯಾವುದು ಹಾಲು ಕೊಡೋ ಎಮ್ಮೆ, ಯಾವುದು ಸುಮ್ಮನೆ ಮೇವು ದಂಡ ಮಾಡೋ ಎಮ್ಮೆ ಅಂತ ಹೇಳಿಬಿಡ್ತೀನಿ."

"ಹಾಗಾದರೆ ಕೆರೆಯ ಕೆಳಗಿನ ಗದ್ದೆ ಬಯಲನ್ನೂ ನೋಡಿರ್ತೀಯ. ಕೂತ್ಕೊ" ಎಂದು ಅವರು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ನೀರುಗಂಟಿಯಿದ್ದ. ಅವನಿಗೆ ಹೊಲವಿಲ್ಲ, ನೇಗಿಲಿಲ್ಲ. ಹೆಗಲ ಮೇಲೊಂದು ಗುದ್ದಲಿ, ಅಷ್ಟೆ. ಕೆರೆಯ ಕಾಲುವೆಯುದ್ದಕ್ಕೂ ನಡೆಯುತ್ತ ಈ ಗದ್ದೆಗೆ ನೀರು ಬಿಡುತ್ತಿದ್ದ, ಆ ಗದ್ದೆಯ ಬಾಯಿಗೆ ಮಣ್ಣು ಮುಚ್ಚುತ್ತಿದ್ದ. ಕಾಳು ಬಲಿತ ಮೇಲೆ ಯಾರು ಎಷ್ಟೇ ಗೊಣಗಿದರೂ ನೀರು ನಿಲ್ಲಿಸುತ್ತಿದ್ದ. ಸುಗ್ಗಿಯಲ್ಲಿ ಪ್ರತಿ ಕಣದಿಂದಲೂ ಅವನಿಗೆ ಒಂದು ಮೊರ ಭತ್ತ.

ಕಾಲುವೆಯ ತಲೆಯಲ್ಲಿ ಗದ್ದೆಯಿದ್ದ ಒಬ್ಬ ರೈತನಿಗೆ ಇದು ಕಣ್ಣು ಕುಕ್ಕಿತು. ರಟ್ಟೆ ಗಟ್ಟಿಯಿದ್ದ ಆಳು, ಬಾಯಿಯೂ ಅಷ್ಟೇ ಗಟ್ಟಿ. ಒಂದು ಸುಗ್ಗಿಯಲ್ಲಿ ಊರವರ ಮುಂದೆಯೇ ಕೇಳಿದ:

"ನಾನು ಉಳ್ತೀನಿ. ನನ್ನ ಹೆಂಡ್ತಿ ನಾಟಿ ಹಾಕ್ತಾಳೆ. ನಮ್ಮ ಎತ್ತುಗಳೂ ದುಡಿದೇ ತಿಂತವೆ. ನೀನು ಬೆಳೆದಿರೋ ಒಂದೇ ಒಂದು ಕಾಳು ತೋರ್ಸಯ್ಯ, ಮೊರ ಯಾಕೆ, ಮೂಟೆನೇ ಕೊಡ್ತೀನಿ."

ಕಣದಲ್ಲಿದ್ದವರೆಲ್ಲ ನಕ್ಕರು.

"ತೋರ್ಸೋಕೆ ನನ್ನತ್ರ ಏನೂ ಇಲ್ಲ ಗೌಡ್ರೆ" ಎಂದು ನೀರುಗಂಟಿ ಖಾಲಿ ಮೊರ ಎತ್ತಿಕೊಂಡು ನಡೆದ. ವಾರದೊಳಗೆ ಊರನ್ನೇ ಬಿಟ್ಟ.

ಮರುವರ್ಷ ಕೆರೆ ಕೋಡಿ ಬಿತ್ತು. ತಲೆಗದ್ದೆ ಬಿಡುವಿಲ್ಲದೆ ನೀರು ಕುಡಿಯಿತು. ಪೈರು ಎದೆಯೆತ್ತರ ಬಂತು. ನೋಡಲು ಪಕ್ಕದೂರಿನಿಂದಲೂ ಜನ ಬಂದರು. ರೈತ ಮೀಸೆ ತಿರುವಿದ. ಕಾಲುವೆಯ ಕೊನೆಯ ಗದ್ದೆಗಳಿಗೆ ನೀರು ಮುಟ್ಟಲೇ ಇಲ್ಲ, ಅಲ್ಲಿ ನೆಲ ಬಿರಿಯಿತು. ಇತ್ತ ಕೊಯ್ಲಿನ ಕಾಲ ಬಂದರೂ ತಲೆಗದ್ದೆಯ ಹಸಿರು ಇಳಿಯಲಿಲ್ಲ. ಸಾಕು ಎನ್ನುವವರು ಯಾರೂ ಇರಲಿಲ್ಲ. ಪೈರು ಗರಿಯ ಮೇಲೆ ಗರಿ ಬಿಟ್ಟು, ತನ್ನ ಭಾರಕ್ಕೆ ತಾನೇ ನೆಲಕ್ಕೊರಗಿತು. ನಿಂತ ನೀರಿಗೆ ಬದು ಕುಸಿದು ಪಕ್ಕದ ಗದ್ದೆಯೂ ಮುಳುಗಿತು. ತೆನೆಯಲ್ಲಿದ್ದ ನಾಲ್ಕು ಕಾಳು ನೀರಿನಲ್ಲೇ ಮೊಳೆತವು.

ರೈತ ತಿಳಿದವರನ್ನು ಕರೆಸಿದ. ಅವರು ಬಿತ್ತನೆ ಭತ್ತ ನೋಡಿದರು, ಚೆನ್ನಾಗಿತ್ತು. ಗೊಬ್ಬರ ನೋಡಿದರು, ಚೆನ್ನಾಗಿತ್ತು. ಮಣ್ಣು ಹಿಸುಕಿ ಮೂಸಿದರು. ಎತ್ತಿನ ಹಲ್ಲನ್ನೂ ಎಣಿಸಿದರು. ಕೊನೆಗೆ, ಎಲ್ಲ ಸರಿಯಾಗಿದೆ, ಇದು ನಿನ್ನ ಹಣೆಬರಹ ಎಂದು ಎದ್ದುಹೋದರು. ಆ ವರ್ಷ ಊರಿನವರು ಮನೆಗೆ ಹೊತ್ತದ್ದು ಬರೀ ಹುಲ್ಲು.

ಕತೆ ಅಲ್ಲಿಗೆ ನಿಂತಿತು. ಹೊನ್ನೇಶನಿಗೆ ನಗು ಬಂತು. ಇಷ್ಟು ಸುಲಭದ್ದನ್ನು ಬಿಡಿಸಲು ಅವನಿಗೆ ಹೊತ್ತು ಬೇಕಿರಲಿಲ್ಲ.

"ಗೊತ್ತಾಯ್ತು ಬಿಡಿ ಮೇಡಂ. ಈ ಎಳೆಗಳೇ ನೀರುಗಂಟಿ. ಯಾವ ಜೀನು ಯಾವಾಗ ದುಡೀಬೇಕು, ಯಾವಾಗ ನಿಲ್ಲಬೇಕು ಅಂತ ನೋಡ್ಕೊಳ್ಳೋದು ಅವು. ಗಡ್ಡೆಯಲ್ಲಿ ಕಳೆದುಹೋಗಿರೋದನ್ನ ವಾಪಸ್ ತಂದು ಬಿಟ್ಟರಾಯ್ತು. ಆರು ತಿಂಗಳು ಕೊಡಿ, ಮಾಡಿ ತೋರಿಸ್ತೀನಿ."

"ಪಕ್ಕದೂರಿನಲ್ಲಿ ನೀರುಗಂಟಿ ಇದ್ದನಪ್ಪ" ಎಂದರು ಪುಟ್ಟಗೌರಮ್ಮ. "ಅಲ್ಲೂ ಪೈರು ಕೊಳೆಯಿತು. ತನಗೆ ಬೇಕಾದವರ ಗದ್ದೆಗೆ ಅವನೇ ನೀರು ನಿಲ್ಲಿಸದೆ ಬಿಟ್ಟಿದ್ದ. ಅದರಾಚೆಯ ಊರಿನವನು ಒಮ್ಮೆ ಮುಚ್ಚಿದ್ದನ್ನು ಮತ್ತೆ ತೆಗೆಯಲೇ ಇಲ್ಲ, ಬಯಲೆಲ್ಲ ಒಣಗಿತು. ಗಡ್ಡೆಯಲ್ಲೂ ಹೀಗಾಗುತ್ತದೆ, ದಣಿದ ಹೃದಯದಲ್ಲೂ ಆಗುತ್ತದೆ, ಮರೆವು ಹತ್ತಿದ ಮಿದುಳಿನಲ್ಲೂ. ನಿನ್ನ ಹನ್ನೆರಡು ಜನರಲ್ಲಿ ಯಾರದು ಯಾವ ಊರು ಅಂತ ಹೋಗಿ ನೋಡದೆ ಹೇಗೆ ಹೇಳ್ತೀಯ?"

ಹೊನ್ನೇಶನ ನಗು ಇಳಿಯಿತು. ಸೋತೆನೆಂದು ಒಪ್ಪಿಕೊಳ್ಳುವ ಜಾಯಮಾನ ಅವನದಲ್ಲ.

"ಆದರೂ ನಾನು ಸುಳ್ಳೇನೂ ಬರೆದಿಲ್ಲ ಮೇಡಂ. ಹುಡುಕಿದ ಕಡೆಯೆಲ್ಲ ಚೆನ್ನಾಗಿ ಹುಡುಕಿದ್ದೀನಿ. ಅಲ್ಲಿ ದೋಷ ಇರಲಿಲ್ಲ."

ಪುಟ್ಟಗೌರಮ್ಮ ಸಹಿ ಹಾಕದೆ ವರದಿಯನ್ನು ಅವನ ಕಡೆಗೆ ಸರಿಸಿದರು.

"ನೀನು ಹುಡುಕುವ ಕಡೆಯೇ ಬಂದು ಕೂತಿರಬೇಕು ಅಂತ ಆ ರೋಗಕ್ಕೆ ಯಾರು ಹೇಳಿ ಕಳಿಸಿದ್ದರಪ್ಪ?"