ಎದ್ದು ಹೋದ ದೇವರು

ಮೂಗಿನಿಂದ ಬೆರಳು ತೆಗೆದು ಕೇಳಿ ಮಕ್ಕಳೇ. ಒಂದು ರಾಜ್ಯದಲ್ಲಿ ಹೊನ್ನಾಜಮ್ಮಣ್ಣಿ ಅಂತ ಒಬ್ಬ ರಾಣಿ ಇದ್ದಳು. ಅವಳಿಗಿದ್ದವನು ಒಬ್ಬನೇ ಮಗ. ಅವನು ಜ್ವರ ಬಂದು ತೀರಿಕೊಂಡ. ರಾಣಿ ಅನ್ನ ಬಿಟ್ಟಳು. "ದೇವರು ನನ್ನ ಕಡೆ ನೋಡುವವರೆಗೆ ಒಂದಗುಳೂ ಮುಟ್ಟುವುದಿಲ್ಲ" ಎಂದು ಗುಡಿಯ ಪೂರ್ವದ ಬಾಗಿಲಲ್ಲಿ ಅಳುತ್ತ ಕೂತಳು.

ಪೂಜಾರಿ ಭೋಜಯ್ಯ ಹೊರಗೆ ಬಂದ. ಮೊದಲು ಅವನ ಹೊಟ್ಟೆ ಬಂತು, ಆಮೇಲೆ ಅವನು.

"ದೇವರು ನಿಮಗೆ ಬೆನ್ನು ಹಾಕಿ ಪಶ್ಚಿಮಕ್ಕೆ ತಿರುಗಿದ್ದಾನೆ ತಾಯಿ. ನೂರು ಹೋಳಿಗೆ ನೈವೇದ್ಯ ಮಾಡಿಸಿ."

ಹೋಳಿಗೆ ಒಳಗೆ ಹೋಯಿತು. ಬರಿ ತಟ್ಟೆ ಹೊರಗೆ ಬಂತು. ದೇವರು ಮಾತ್ರ ತಿರುಗಲಿಲ್ಲ.

ರಾಣಿಯ ಬಟ್ಟೆ ಒಗೆಯುವ ಕೆಂಚಿ ಇದನ್ನು ನೋಡಿದಳು. ಎರಡು ಮಕ್ಕಳನ್ನು ಮಣ್ಣು ಮಾಡಿ, ಮೂರನೆಯದನ್ನು ಸಾಕುತ್ತಿದ್ದವಳು ಅವಳು.

"ಪಶ್ಚಿಮಕ್ಕಾ ಅಯ್ನೋರೆ? ಏಳಿ ಅಮ್ಮಾವ್ರೆ, ನಾವೂ ಆ ಕಡೆಗೇ ಹೋಗೋಣ" ಎಂದು ರಾಣಿಯನ್ನು ಗುಡಿಯ ಹಿಂದೆ ಕೂರಿಸಿದಳು.

ಮಾರನೆಯ ದಿನ ದೇವರು ಉತ್ತರಕ್ಕೆ ತಿರುಗಿದ. ಇನ್ನೂರು ಕಡುಬು ಒಳಗೆ, ಬರಿ ತಟ್ಟೆ ಹೊರಗೆ. ಕೆಂಚಿ ರಾಣಿಯನ್ನು ಉತ್ತರಕ್ಕೆ ನಡೆಸಿದಳು.

ಮೂರನೆಯ ದಿನ ದಕ್ಷಿಣಕ್ಕೆ. ಮುನ್ನೂರು ಲಾಡು. ರಾಣಿಗೆ ಏಳಲೂ ತ್ರಾಣವಿರಲಿಲ್ಲ. ಕೆಂಚಿ ಅವಳನ್ನು ಕೂಸಿನ ಹಾಗೆ ಎತ್ತಿಕೊಂಡು ಹೋದಳು.

ನಾಲ್ಕನೆಯ ದಿನ ಗಾಬರಿಯಾಗಿ ರಾಜನೇ ಬಂದ.

"ನಾಲ್ಕು ದಿಕ್ಕೂ ಮುಗಿದವಲ್ಲ ಅಯ್ನೋರೆ, ಇವತ್ತು ಯಾವ ಕಡೆ?" ಎಂದಳು ಕೆಂಚಿ.

ಭೋಜಯ್ಯನಿಗೆ ಸಿಟ್ಟು ನೆತ್ತಿಗೇರಿತು. "ಈ ರಾಣಿಯ ಅಳು ಕೇಳಲಾರದೆ ದೇವರು ಗುಡಿಯನ್ನೇ ಬಿಟ್ಟು ಎದ್ದು ಹೋದ!"

"ಕೇಳಿದ್ರಾ ಬುದ್ಧಿ?" ಕೆಂಚಿ ರಾಜನ ಕಡೆ ತಿರುಗಿದಳು. "ನನ್ನ ಕೂಸು ಅತ್ತರೆ ನಾನೂ ಒಗೆಯೋ ಕಲ್ಲು ಬಿಟ್ಟು ಏಳ್ತೀನಿ. ಓಡಿಹೋಗೋಕಾ? ಎತ್ತಿಕೊಳ್ಳೋಕೆ! ದೇವರು ಇಲ್ಲೇ ಅಮ್ಮಾವ್ರ ಹತ್ತಿರ ಬಂದವ್ನೆ."

ರಾಜ ಭೋಜಯ್ಯನನ್ನು ನೋಡಿದ. "ಹಾಗಾದರೆ ಖಾಲಿ ಗುಡಿಗೆ ನೈವೇದ್ಯ ಯಾಕೆ? ದೇವರಿರುವ ಕಡೆಗೇ ತನ್ನಿ."

ಭೋಜಯ್ಯ ಸಿಕ್ಕಿಬಿದ್ದ. ದೇವರು ಒಳಗಿದ್ದಾನೆ ಎಂದರೆ ತಾನು ಸುಳ್ಳುಗಾರ. ಇಲ್ಲ ಎಂದರೆ ಲಾಡು ಇಲ್ಲ.

ಕೆಂಚಿ ಮೊಸರನ್ನ ಕಲೆಸಿ ತುತ್ತು ಹಿಡಿದಳು. ರಾಣಿ ಮೆಲ್ಲಗೆ ಕೇಳಿದಳು: "ನಿನ್ನ ಮಕ್ಕಳು ಹೋದಾಗ ದೇವರು ಎಲ್ಲಿದ್ದ ಕೆಂಚಿ?"

"ನನ್ನ ಪಕ್ಕದಲ್ಲೇ ಕೂತು ಅಳ್ತಿದ್ದ ಅಮ್ಮಾವ್ರೆ. ಅದಕ್ಕೇ ನಾನು ಎದ್ದೆ."

ರಾಣಿ ಅಳುತ್ತಲೇ ಬಾಯಿ ತೆರೆದಳು.

ನೋವು ಬಂದಾಗ ದೇವರು ಬೆನ್ನು ಹಾಕುವುದಿಲ್ಲ ಮಕ್ಕಳೇ, ಇನ್ನೂ ಹತ್ತಿರ ಬಂದು ಕೂರುತ್ತಾನೆ. ಬೆನ್ನು ಹಾಕಿದ ಎಂದು ಯಾರಾದರೂ ಹೇಳಿದರೆ, ಮೊದಲು ಅವರ ಹೊಟ್ಟೆ ನೋಡಿ.

ರಾಣಿ ಉಂಡಳು. ಇನ್ನು ನೀವೂ ತಟ್ಟೆ ಖಾಲಿ ಮಾಡಿ.