ಪುನುಗಿನ ಕಂಪು, ಹುಲ್ಲಿನ ಎಣ್ಣೆ

ಬಿಸಿನೀರಿನ ಬುಗ್ಗೆಯಿದ್ದ ಒಂದು ಕಾಡಿನಲ್ಲಿ ಬೆಳಗು ಬಹಳ ನಿಧಾನವಾಗಿ ಆಗುತ್ತಿತ್ತು. ಬುಗ್ಗೆಯಿಂದೆದ್ದ ಹಬೆ ಮರಗಳ ನಡುವೆ ಹಾಲಿನಂತೆ ಹರಡಿಕೊಳ್ಳುತ್ತಿತ್ತು. ಅದನ್ನು ಸರಿಸಿಕೊಂಡು ಬಿಸಿಲು ಒಳಗೆ ಬರುವಷ್ಟರಲ್ಲಿ ಹಕ್ಕಿಗಳು ಎದ್ದು, ಹಾಡಿ, ಇನ್ನೊಂದು ನಿದ್ದೆ ತೆಗೆದಿರುತ್ತಿದ್ದವು. ಅಲ್ಲಿ ಕೆಂಚಿ ಎಂಬ ಜಿಂಕೆ ತನ್ನ ಒಂದೇ ಮರಿಯೊಂದಿಗೆ ಇದ್ದಳು.

ಒಂದು ದಿನ ಮರಿ ಹಬೆಯೊಳಗೆ ಕುಣಿಯುತ್ತ ಹೋಗಿ ಮುರಿದ ಬಿದಿರಿನ ಮೊನೆಯ ಮೇಲೆ ಕಾಲಿಟ್ಟಿತು. ಗಾಯ ಆಳವಾಗಿತ್ತು. ಕೆಂಚಿ ಎಷ್ಟು ನೆಕ್ಕಿದರೂ ರಕ್ತ ನಿಲ್ಲಲಿಲ್ಲ. ಸಂಜೆಯ ಹೊತ್ತಿಗೆ ಕಾಲು ಊದಿಕೊಂಡಿತು.

ಆ ಕಾಡಿನಲ್ಲಿ ಗಾಯಕ್ಕೆ ಮದ್ದು ಕೊಡುವವರು ಇಬ್ಬರಿದ್ದರು. ಒಬ್ಬಳು ಬೆಳ್ಳವ್ವ, ಬುಗ್ಗೆಯ ಗವಿಯಲ್ಲಿದ್ದ ಮುದಿ ಮುಸುವ, ಕಪ್ಪು ಮೋರೆಯ ಕೋತಿ. ಅವಳ ಮದ್ದು ಹಚ್ಚಿದರೆ ಉರಿಯುತ್ತಿತ್ತು, ಬೇಗ ಸಿಗುತ್ತಲೂ ಇರಲಿಲ್ಲ. ಇನ್ನೊಬ್ಬ ಪರಿಮಳಯ್ಯ ಎಂಬ ಪುನುಗು ಬೆಕ್ಕು. ಮೈಯಲ್ಲೇ ಕಂಪು ಹುಟ್ಟುವ ಜಾತಿ ಅವನದು. ಆ ಕಂಪನ್ನು ನೀರಿಗೆ ಬೆರೆಸಿ ಎಲೆಯ ದೊನ್ನೆಯಲ್ಲಿ ಕೊಡುತ್ತಿದ್ದ, ಬದಲಿಗೆ ಮಾಗಿದ ಹಣ್ಣು ತೆಗೆದುಕೊಳ್ಳುತ್ತಿದ್ದ. ಅವನು ಕೂರುವ ಬಂಡೆಯ ಸುತ್ತ ಗಾಳಿಯೇ ತೂಕಡಿಸುತ್ತಿರುವಂತೆ ಇರುತ್ತಿತ್ತು.

ಕೆಂಚಿ ಅವನ ಹತ್ತಿರ ಹೋದಳು.

“ಬೆಳ್ಳವ್ವನ ಮದ್ದೂ ಘಮ ಅನ್ನುತ್ತೆ, ನನ್ನದೂ ಘಮ ಅನ್ನುತ್ತೆ,” ಎಂದ ಪರಿಮಳಯ್ಯ. “ವಾಸಿ ಮಾಡೋದು ಕಂಪೇ ತಾಯಿ. ಅವಳದು ಮರಿಯನ್ನು ಅಳಿಸುತ್ತೆ. ನನ್ನದು ನಿದ್ದೆ ಬರಿಸುತ್ತೆ.”

ಮರಿ ಅಳುವುದನ್ನು ನೋಡುವ ಶಕ್ತಿ ಕೆಂಚಿಗೆ ಇರಲಿಲ್ಲ. ಒಂದು ಗೊಂಚಲು ನೇರಳೆ ಹಣ್ಣು ಇಟ್ಟು ದೊನ್ನೆ ತೆಗೆದುಕೊಂಡು ಬಂದಳು.

ಅದನ್ನು ಹಚ್ಚಿದೊಡನೆ ಗಾಯದಿಂದ ಹೂವಿನಂಥ ಕಂಪು ಬರತೊಡಗಿತು. ಮರಿ ಕಣ್ಣು ಮುಚ್ಚಿ ಮಲಗಿತು. ಅದರ ಪಕ್ಕದಲ್ಲಿ ಕೆಂಚಿಗೂ ಜೊಂಪು ಹತ್ತಿತು. ಮರಿ ಮೋಡದ ಮೇಲೆ ಜಿಗಿಯುತ್ತಿದ್ದಂತೆ, ಮೋಡದ ತುಂಬ ಸಂಪಿಗೆ ಅರಳಿದಂತೆ ಕನಸು ಬಿತ್ತು. ಹಾಗೆಯೇ ಎರಡು ದಿನ ಕಳೆದವು.

ಮೂರನೆಯ ಬೆಳಿಗ್ಗೆ ಮರಿ ಏಳಲಿಲ್ಲ. ಅದರ ಮೈ ಬಿಸಿಲಿಗೆ ಕಾದ ಕಲ್ಲಿನಂತಿತ್ತು. ಕೆಂಚಿ ಹಳ್ಳದಿಂದ ಬಾಯಲ್ಲಿ ನೀರು ತಂದು ಗಾಯವನ್ನು ತೊಳೆದಳು. ಕಂಪು ಹೋಯಿತು. ಅದರ ಕೆಳಗೆ ಅಡಗಿದ್ದ ಕೊಳೆತ ನಾತ ಮೂಗಿಗೆ ಬಡಿಯಿತು. ತಾನು ಸಂಪಿಗೆಯ ಕನಸಿನಲ್ಲಿದ್ದಾಗ ಗಾಯ ಒಳಗೊಳಗೇ ಕೀವುಗಟ್ಟಿತ್ತು. ಕೆಂಚಿ ಮರಿಯನ್ನು ತಲೆಯಿಂದ ನೂಕುತ್ತ, ನಿಲ್ಲಿಸುತ್ತ, ಮತ್ತೆ ನೂಕುತ್ತ ಗವಿಗೆ ಕರೆತಂದಳು.

ಬೆಳ್ಳವ್ವ ಬೈಯಲಿಲ್ಲ. ಬಿಸಿನೀರಿನಿಂದ ಕೀವನ್ನೆಲ್ಲ ತೊಳೆದಳು. ಆಮೇಲೆ ಕುದಿಯುವ ಬುಗ್ಗೆಯ ಮೇಲೆ ಕಡ್ಡಿಗಳನ್ನು ಅಡ್ಡಡ್ಡ ಜೋಡಿಸಿ ನಿಂಬೆಹುಲ್ಲು, ಕಾಡುತುಳಸಿ ಹರಡಿದಳು. ಹಬೆ ಎಲೆಗಳ ನಡುವೆ ನುಸುಳಿ ಮೇಲೇರಿತು. ಗವಿಯ ಚಾವಣಿ ತಣ್ಣಗಿತ್ತು. ಅಲ್ಲಿ ತಾಗಿದ ಹಬೆ ಹನಿಯಾಗಿ ಕೆಳಗಿನ ಕಲ್ಲುಬಟ್ಟಲಿಗೆ ತೊಟ್ಟಿಕ್ಕಿತು. ತುಂಬ ಹೊತ್ತಿನ ಮೇಲೆ ಬಟ್ಟಲ ನೀರಿನ ಮೇಲೆ ಹೊಂಬಣ್ಣದ ಎಣ್ಣೆ ನೊಣದ ರೆಕ್ಕೆಯಷ್ಟು ತೆಳ್ಳಗೆ ತೇಲಿತು.

“ಇಷ್ಟೇನಾ ಅಜ್ಜಿ?” ಎಂದಳು ಕೆಂಚಿ.

“ಒಂದು ಹೊರೆ ಹುಲ್ಲಿಗೆ ಇಷ್ಟೇ ಮಗಾ.”

“ಇದೂ ಬರೀ ವಾಸನೆಯೇ ಅಲ್ವಾ?”

“ವಾಸನೆ ನಮ್ಮ ಮೂಗಿಗೆ. ಗಿಡಕ್ಕೆ ಅದು ಕಾವಲು. ಓಡಿಹೋಗೋಕೆ ಅದಕ್ಕೆ ಕಾಲಿಲ್ಲ ನೋಡು. ತನ್ನನ್ನು ಕೊಳೆಸೋಕೆ ಬರೋ ಜೀವಗಳನ್ನು ಈ ಎಣ್ಣೆಯಿಂದಲೇ ತಡೆಯುತ್ತೆ. ಅವು ಕಣ್ಣಿಗೆ ಕಾಣದಷ್ಟು ಸಣ್ಣವು. ನಿನ್ನ ಮರಿಯ ಗಾಯದಲ್ಲೂ ಅಂಥವೇ ಸೇರಿಕೊಂಡಿವೆ.”

“ಹಾಗಾದರೆ ಬದುಕುತ್ತಾ?”

“ತಡ ಆಗಿದೆ. ಹಚ್ಚಿ ನೋಡೋಣ. ಮಾತು ಕೊಡೋಕೆ ನನ್ನಿಂದ ಆಗಲ್ಲ.”

ಆ ಎಣ್ಣೆಯನ್ನೇ ಹಾಗೇ ಹಚ್ಚಿದರೆ ಚರ್ಮ ಬೇಯುತ್ತದೆ ಎಂದು ಬೆಳ್ಳವ್ವ ಅದರ ಎರಡು ಹನಿಯನ್ನು ಹಿಪ್ಪೆ ಮರದ ಬೀಜದ ಎಣ್ಣೆಯಲ್ಲಿ ಕಲಸಿದಳು. ಗಾಯಕ್ಕೆ ತಾಗಿಸಿದಾಗ ಮರಿ ಕೂಗಿಕೊಂಡಿತು. ಕೆಂಚಿ ಮುಖ ತಿರುಗಿಸಲಿಲ್ಲ. ಮರಿಯ ಕತ್ತಿನ ಮೇಲೆ ತನ್ನ ಕತ್ತಿಟ್ಟುಕೊಂಡು ಕೂತಳು.

ಆಮೇಲಿನ ದಿನಗಳು ಹಬೆಯಲ್ಲಿ ಕರಗಿದಂತೆ ಹೋದವು. ಬೆಳಗಾದರೆ ಕೆಂಚಿ ಬೆಟ್ಟದ ಇಳಿಜಾರಿಗೆ ಹೋಗಿ ಬಾಯಿ ತುಂಬ ಹುಲ್ಲು ತರುತ್ತಿದ್ದಳು. ನಾಲ್ಕನೆಯ ದಿನ ಜ್ವರ ಇಳಿಯಿತು. ಹತ್ತನೆಯ ದಿನ ಮರಿ ಎದ್ದು ನಿಂತಿತು. ನಡಿಗೆ ಕೊಂಚ ಕುಂಟಾಗಿಯೇ ಉಳಿಯಿತು. ಆದರೂ ನಡೆಯಿತು. ಕೆಂಚಿ ಹುಲ್ಲು ತರುವುದನ್ನು ಬಿಡಲಿಲ್ಲ. ಗವಿಗೆ ಬರುವ ಗಾಯಾಳುಗಳು ಬಹಳ ಇದ್ದರು.

ಎಲೆ ಉದುರುವ ಕಾಲದ ಒಂದು ಮಧ್ಯಾಹ್ನ ಗವಿಗೆ ಕಂಪು ಮೊದಲು ಬಂತು, ಅದರ ಹಿಂದೆ ಪರಿಮಳಯ್ಯ ಬಂದ. ಮುಳ್ಳುಹಂದಿಯ ಮುಳ್ಳು ಚುಚ್ಚಿ ಅವನ ಮುಂಗಾಲು ಕಪ್ಪಗಾಗಿತ್ತು. ಯಾರಾದರೂ ನೋಡಿಯಾರು ಎಂದು ಅವನು ಬಳ್ಳಿಗಳ ಮರೆಯಲ್ಲಿ ನಿಂತ.

ಕೆಂಚಿ ಎದುರಿಗೇ ಇದ್ದಳು. “ನಿಮ್ಮ ಕಂಪು ಹಚ್ಚಿಕೊಳ್ಳಲಿಲ್ಲವಾ ಅಯ್ಯನವರೇ?”

ಪರಿಮಳಯ್ಯ ನೆಲ ನೋಡಿದ. “ಅದರಿಂದ ಗಾಯ ಮಾಯಲ್ಲ. ನನಗೆ ಮೊದಲೇ ಗೊತ್ತಿತ್ತು.”

“ನನ್ನ ಮರಿಗೆ ಕೊಟ್ಟಾಗಲೂ?”

“ಆಗಲೂ.”

ಕೆಂಚಿಯ ಗೊರಸು ನೆಲ ಕೆರೆಯಿತು. ಒಳಗೆ ಬಟ್ಟಲು ಒಣಗಿತ್ತು, ಹುಲ್ಲೂ ಮುಗಿದಿತ್ತು. ಬೆಳ್ಳವ್ವ ಕೆಂಚಿಯ ಮುಖ ನೋಡಿದಳು. ಹುಲ್ಲಿನ ಇಳಿಜಾರು ದೂರವಿತ್ತು. ಅವನ ಕಾಲು ಕೊಳೆಯಲು ಕೆಂಚಿ ಹೋಗದೆ ಸುಮ್ಮನೆ ಕೂತರೆ ಸಾಕಾಗಿತ್ತು.

ಕೆಂಚಿ ಇಳಿಜಾರಿನ ಕಡೆ ತಿರುಗಿದಳು.

“ನಾನು ಹುಲ್ಲು ತರ್ತೀನಿ,” ಎಂದಳು ಕೊನೆಗೆ. “ನಾನು ಬರೋದರೊಳಗೆ ನೀವು ನಿಮ್ಮ ಬಂಡೆ ಹತ್ತಿ, ಈಗ ನನಗೆ ಹೇಳಿದ್ದನ್ನ ಎಲ್ಲರಿಗೂ ಹೇಳಿ.”

ಅವಳು ಇಳಿಜಾರಿನಲ್ಲಿ ಹುಲ್ಲು ಕೀಳುತ್ತಿದ್ದಾಗ ಗಾಳಿಯಲ್ಲಿ ಪರಿಮಳಯ್ಯನ ದನಿ ತೇಲಿಬಂತು. ಅವನು ಒಂದೊಂದೇ ಮಾತು ಹೇಳುತ್ತಿದ್ದ. ದೊನ್ನೆಗಾಗಿ ಕಾದಿದ್ದ ಮೊಲಗಳು, ಕಡವೆಗಳು, ನರಿಗಳು ತಾವು ತಂದ ಹಣ್ಣು ಎತ್ತಿಕೊಂಡು ಒಬ್ಬೊಬ್ಬರಾಗಿ ಹೊರಟುಹೋದರು. ಮಾತು ಮುಗಿದಾಗ ಬಂಡೆಯ ಸುತ್ತ ಯಾರೂ ಇರಲಿಲ್ಲ. ಬೆಳ್ಳವ್ವನ ಎಣ್ಣೆ ಅವನ ಕಾಲನ್ನು ಉಳಿಸಿತು. ಎರಡು ಬೆರಳು ಮಾತ್ರ ಉಳಿಯಲಿಲ್ಲ.

ನೀತಿ: ಹಿತವೆನಿಸಿದ್ದೆಲ್ಲ ಮದ್ದಲ್ಲ, ಸುಳ್ಳು ಮದ್ದು ಕೊಟ್ಟವನಿಗೆ ತನ್ನ ನೋವಿನ ದಿನ ಅದು ಕೆಲಸಕ್ಕೆ ಬರುವುದಿಲ್ಲ.